ಅಕ್ಕನ ಮದುವೆಗೆ ಬೆಂಡೆಕಾಯಿ ಹೂವು

‘ಸ್ಟೇಜು, ಎಂಟ್ರೆನ್ಸು, ಸೆಲ್ಫಿ ಕಾರ್ನರು ಎಲ್ಲಾ ಸೇರಿ 65 ಸಾವಿರ. ಒರಿಜಿನಲ್ ಹೂವೇ ಬೇಕು ಅಂದ್ರೆ ರೇಟು ಬೇರೆ.’

ಡೆಕೋರೇಷನ್‌ನವರು ಇಷ್ಟು ಹೇಳಿ, ಚಹಾ ಕುಡಿದು, ಎದ್ದು ಹೋದರು. ಅವರು ಕೊಟ್ಟ ಚೀಟಿ ಹಿಡಿದುಕೊಂಡು ಅಪ್ಪ ಜಗುಲಿಯಲ್ಲೇ ಕೂತಿದ್ದ. ನಮ್ಮದು ಸಾಗರ ತಾಲ್ಲೂಕಿನ ಸಣ್ಣ ಊರು, ಒಂದೂವರೆ ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಅರ್ಧ ತೋಟ ಸೊರಗಿ ನಿಂತಿದೆ. ಊಟಕ್ಕೆ, ಬಂಗಾರಕ್ಕೆ, ಹಾಲ್‌ಗೆ ಅಂತ ಅಪ್ಪ ಆಗಲೇ ಸೊಸೈಟಿಯಲ್ಲಿ ಸಾಲ ಬರೆಸಿಯಾಗಿತ್ತು. ಈ 65 ಸಾವಿರಕ್ಕೆ ಇನ್ನೊಂದು ಕಡೆ ಕೈಚಾಚಬೇಕಿತ್ತು.

ಒಳಗಿಂದ ಅಕ್ಕ ಬಂದಳು. ‘ಅಪ್ಪಾ, ಒಂದು ದಿನಕ್ಕೆ ನಿಲ್ಲಿಸೋ ಪ್ಲಾಸ್ಟಿಕ್ ಹೂವಿಗೆ ನೀನು ಸಾಲ ಮಾಡೋದಾದ್ರೆ ನಾನು ರಿಜಿಸ್ಟರ್ ಮದುವೆ ಆಗ್ತೀನಿ ಅಷ್ಟೆ’ ಅಂದುಬಿಟ್ಟಳು. ಅಕ್ಕ ಶಿವಮೊಗ್ಗದಲ್ಲಿ ನರ್ಸ್. ಹೇಳಿದ್ದನ್ನು ಮಾಡುವವಳು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ನಾನೇ ಬಾಯಿ ತೆರೆದೆ: ‘ಡೆಕೋರೇಷನ್ ನಾವೇ ಮಾಡೋಣ.’

ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ನನಗೆ ಅಲ್ಲಿಯವರೆಗೆ ಗೊತ್ತಿದ್ದ ಕರಕುಶಲ ಕಲೆ ಅಂದರೆ ರೆಕಾರ್ಡ್ ಬುಕ್ಕಿಗೆ ಬೈಂಡ್ ಹಾಕುವುದು. ಅಪ್ಪ ನನ್ನ ಮುಖ ನೋಡಿ, ‘ಮಗಳ ಮದುವೆ ಮಾಡೋ ತಾಕತ್ತಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡಿ’ ಅಂತ ಎದ್ದು ತೋಟಕ್ಕೆ ಹೋದ. ಆಗ ಸಂಕ್ರಾಂತಿ ಕಳೆದಿತ್ತಷ್ಟೆ. ಮದುವೆ ಏಪ್ರಿಲ್ ಕೊನೆಗೆ. ಮೂರು ತಿಂಗಳಿತ್ತು.

ಮೊದಲು ಕಾರ್ಡು

ದೂರದವರಿಗೆ ವಾಟ್ಸ್‌ಆ್ಯಪ್ ಸಾಕು, ಮನೆಗೇ ಹೋಗಿ ಕರೆಯಬೇಕಾದವರಿಗೆ ಮಾತ್ರ ಕಾರ್ಡು ಅಂತ ತೀರ್ಮಾನವಾಯಿತು. ಲೆಕ್ಕ ಹಾಕಿದರೆ 120. ದಪ್ಪ ಹಾಳೆಯಲ್ಲಿ, ಎ4 ಒಂದಕ್ಕೆ ಎರಡು ಕಾರ್ಡಿನಂತೆ, ಒಕ್ಕಣೆಯನ್ನಷ್ಟೇ ಕಪ್ಪು ಅಕ್ಷರದಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿದೆವು. ಅಂಚಿನ ಹೂವು ನಮ್ಮ ಕೆಲಸ.

ಬೆಂಡೆಕಾಯಿಯ ದಪ್ಪ ತುದಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಐದು ಎಸಳಿನ ಹೂವಿನ ಅಚ್ಚು ಸಿಗುತ್ತದೆ. ಅದನ್ನು ಬಣ್ಣಕ್ಕೆ ಒತ್ತಿ ಹಾಳೆಗೆ ಒತ್ತಿದರೆ ಮುಗಿಯಿತು. ಆದರೆ ಮೊದಲ ದಿನ ಹತ್ತು ಕಾರ್ಡು ಹಾಳಾದವು. ಬೆಂಡೆಯ ಲೋಳೆ ಬಣ್ಣದ ಜೊತೆ ಸೇರಿ ಹರಡಿಕೊಂಡಿತು. ಆಮೇಲೆ ಉಪಾಯ ತಿಳಿಯಿತು. ಕತ್ತರಿಸಿದ ಕೂಡಲೇ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಹಾಗೇ ಇಡಬೇಕು. ಬಣ್ಣವನ್ನು ಬಟ್ಟಲಿನಲ್ಲಿ ಅದ್ದದೆ, ಸ್ಪಂಜಿನ ಮೇಲೆ ಸವರಿ ಅದಕ್ಕೆ ಒತ್ತಬೇಕು. ಪೋಸ್ಟರ್ ಕಲರ್‌ಗೆ ನೀರು ಬಹಳ ಕಡಿಮೆ ಇರಬೇಕು. ಒಂದು ಬೆಂಡೆಕಾಯಿ ಹತ್ತು ಹನ್ನೆರಡು ಕಾರ್ಡಿಗೆ ಬರುತ್ತದೆ. ಮೆತ್ತಗಾದರೆ ಇನ್ನೊಂದು ತುಂಡು ಕತ್ತರಿಸಿಕೊಳ್ಳಿ.

ಕೊನೆಗೆ ಅಮ್ಮ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದಳು. ಒಣಗಲು ಹಾಕಿದ್ದ ಕಾರ್ಡುಗಳನ್ನು ನೋಡಿ ಅಪ್ಪ, ‘ಇದಕ್ಕಿಂತ ಸಾಂಬಾರ್ ಮಾಡಿದ್ರೆ ಚೊಲೋ ಇತ್ತು’ ಅಂದ. ಎರಡು ವಾರದಲ್ಲಿ ಅವನಾಡಿದ ಮೊದಲ ಮಾತು ಅದು.

ಟ್ರಂಕು ತುಂಬಾ ಬ್ಲೌಸ್ ಪೀಸು

ನಿಮ್ಮ ಮನೆಯಲ್ಲೂ ಇರುತ್ತದೆ, ಹುಡುಕಿ ನೋಡಿ. ಬಾಗಿನದ್ದು, ಗೃಹಪ್ರವೇಶದ್ದು, ಸೀಮಂತದ್ದು ಅಂತ ಬಂದ ಬ್ಲೌಸ್ ಪೀಸುಗಳು ಯಾವ ಸೀರೆಗೂ ಹೊಂದದೆ ಟ್ರಂಕಿನಲ್ಲಿ ಮಲಗಿರುತ್ತವೆ. ನಮ್ಮ ಅಮ್ಮನ ಬಳಿ 43 ಇದ್ದವು. ದೊಡ್ಡಮ್ಮ, ಚಿಕ್ಕಮ್ಮಂದಿರ ಮನೆಯವೂ ಸೇರಿ ನೂರು ದಾಟಿತು. ಅವುಗಳಲ್ಲಿ ತಾಂಬೂಲದ ಚೀಲ ಹೊಲಿಯುವುದು ಅಂತಾಯಿತು.

ಲೆಕ್ಕ ಸುಲಭ. ಬ್ಲೌಸ್ ಪೀಸು ಸುಮಾರು 32 ಇಂಚು ಉದ್ದ, 36 ಇಂಚು ಅಗಲ. ಇದರಲ್ಲಿ 10 ಇಂಚು ಅಗಲ, 26 ಇಂಚು ಉದ್ದದ ಮೂರು ಪಟ್ಟಿ ಬರುತ್ತವೆ. ಪಟ್ಟಿಯನ್ನು ಅರ್ಧಕ್ಕೆ ಮಡಚಿ, ಎರಡು ಬದಿ ಹೊಲಿದು, ಬಾಯಿ ಮಡಚಿದರೆ ಒಂದು ಚೀಲ. ಉಳಿದ ತುಂಡು ಹಿಡಿಕೆಗೆ. ನೂರು ಪೀಸಿಗೆ 300 ಚೀಲ. ತೆಂಗಿನಕಾಯಿಯ ಭಾರ ತಡೆಯಬೇಕಾದ್ದರಿಂದ ಹಿಡಿಕೆ ಸೇರುವ ಕಡೆ ಎರಡು ಸಲ ಹೊಲಿಗೆ ಹಾಕಬೇಕು. ಇದನ್ನು ನಾವು ಮೊದಲ 20 ಚೀಲ ಹೊಲಿದ ಮೇಲೆ ಕಲಿತೆವು. ತೆಂಗಿನಕಾಯಿ ಹಾಕಿ ಎತ್ತಿದ ಚಿಕ್ಕಮ್ಮನ ಕಾಲ ಬೆರಳು ಒಂದು ವಾರ ಊದಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೈಕೆಲಸ ಅಂದರೆ ಖರ್ಚಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಖರ್ಚಿದೆ. ಫೆಬ್ರುವರಿ ಹೊತ್ತಿಗೆ ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಸೊಂಟನೋವು. ಅಡುಗೆ, ಕೊಟ್ಟಿಗೆ ಮುಗಿಸಿ ರಾತ್ರಿ ಮಷಿನ್ ತುಳಿಯುತ್ತಿದ್ದರು. ಅಪ್ಪನ ದುಡ್ಡು ಉಳಿಸುತ್ತೇನೆ ಅಂತ ಹೊರಟ ನಾನು ಅಮ್ಮನ ಸೊಂಟ ಖರ್ಚು ಮಾಡುತ್ತಿದ್ದೆ. ಅದು ಕಣ್ಣಿಗೆ ಬಿದ್ದ ದಿನ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಬಟ್ಟೆ ಕತ್ತರಿಸುವುದು ದೊಡ್ಡಮ್ಮನ ಮಗನಿಗೆ, ಹಿಡಿಕೆ ತಿರುವಿ ಇಸ್ತ್ರಿ ಹಾಕುವುದು ಮಾವನಿಗೆ, ಭಾನುವಾರದ ಅಡುಗೆ ನನಗೆ. ಕೊನೆಯ ನೂರು ಚೀಲವನ್ನು ಊರಿನ ಟೈಲರ್ ಅಕ್ಕನಿಗೆ ದುಡ್ಡು ಕೊಟ್ಟೇ ಹೊಲಿಸಿದೆವು. ನೀವೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲ ದಿನವೇ ಪಟ್ಟಿ ಮಾಡಿ, ಅದರಲ್ಲಿ ಗಂಡಸರ ಹೆಸರೂ ಇರಲಿ.

ಅಜ್ಜಿಯ ಗೆರೆ

ನಮ್ಮ ದೀವರ ಮನೆಗಳಲ್ಲಿ ಮದುವೆ ಅಂದರೆ ಹಸೆ ಚಿತ್ತಾರ. ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆದು ಬರೆಯುವ ಚಿತ್ರ. ಕಪ್ಪು ಬೇಕಾದರೆ ಅಕ್ಕಿಯನ್ನೇ ಕರಿಯಾಗುವ ತನಕ ಹುರಿದು ಅರೆಯುತ್ತಾರೆ. ಕುಂಚ ಪುಂಡಿನಾರಿನದು. ನನ್ನ ಅಜ್ಜಿ ಒಂದು ಕಾಲಕ್ಕೆ ಸುತ್ತಲಿನ ಊರುಗಳಿಗೆ ಹೋಗಿ ಬರೆಯುತ್ತಿದ್ದ ಚಿತ್ತಾರಗಿತ್ತಿ. ನಮ್ಮ ಮನೆ ಗೋಡೆಗೆ ಆಯಿಲ್ ಪೇಂಟ್ ಬಂದ ಮೇಲೆ ಬಿಟ್ಟಿದ್ದಳು. ಈ ಮದುವೆಗೂ ಚಿತ್ತಾರದ ಪ್ರಿಂಟ್ ಇರುವ ಫ್ಲೆಕ್ಸ್ ತಂದು ಕಟ್ಟುವುದು ಅಂತ ಮಾತಾಗಿತ್ತು.

ಹಾಲ್ ಗೋಡೆಗೆ ಕೆಮ್ಮಣ್ಣು ಬಳಿಯಲು ಯಾರು ಬಿಡುತ್ತಾರೆ? ಪರಿಚಯದ ಬಡಗಿಯೊಬ್ಬರಿಂದ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಎರವಲು ತಂದೆವು. ಬರೀ ಮಣ್ಣು ಬಳಿದರೆ ಒಣಗಿ ಉದುರಿತು. ಸೋಸಿದ ಕೆಮ್ಮಣ್ಣಿಗೆ ಸ್ವಲ್ಪ ಫೆವಿಕಾಲ್ ಸೇರಿಸಿ ಎರಡು ಸಲ ತೆಳುವಾಗಿ ಬಳಿದಾಗ ನಿಂತಿತು. ‘ಇದೆಂಥ ವಾಸನೆಯೇ’ ಅಂತ ಅಜ್ಜಿ ಮೂಗು ಮುರಿದಳು. ಆದರೂ ಬಂದು ಕೂತಳು.

ಅವಳ ಕೈ ಈಗ ನಡುಗುತ್ತದೆ. ಹಾಗಾಗಿ ಅವಳು ಹೇಳುವುದು, ನಾನು ಎಳೆಯುವುದು. ನೂಲಿಗೆ ಸುಣ್ಣ ಹಚ್ಚಿ, ಹಲಗೆಯ ಮೇಲೆ ಬಿಗಿ ಹಿಡಿದು ಮೀಟಿ ಗುರುತು ಮಾಡಿಕೊಂಡೆವು. ಆಮೇಲೆ ಹೊರಗಿನ ಚೌಕ, ಅದರೊಳಗೆ ಎಳೆ, ಎಳೆಯ ಒಳಗೆ ಜೋಗಿಜಡೆ. ಕುಂಚವನ್ನು ಒತ್ತಬಾರದು, ಎಳೆಯಬೇಕು. ಗೆರೆ ಮುಗಿಯುವ ತನಕ ಮಾತಾಡಬಾರದು. ಸೊಟ್ಟಗಾದರೆ ಅಜ್ಜಿ ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿಯೇ ಬಿಡುತ್ತಿದ್ದಳು. ‘ಪರವಾಗಿಲ್ಲ’ ಅನ್ನುವ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ. ಒಂದು ಹಲಗೆಗೆ 19 ದಿನ ಹಿಡಿಯಿತು. ಅದೇ ಗೆರೆಗಳಲ್ಲಿ ಒಂದು ಸಣ್ಣ ಫಲಕ ಮಾಡಿ ಅಕ್ಕ, ಭಾವನ ಹೆಸರು ಬರೆದು ಬಾಗಿಲಿಗೆ ಇಟ್ಟೆವು.

ನಿಮ್ಮ ಊರಿನಲ್ಲಿ ಹಸೆ ಚಿತ್ತಾರ ಇಲ್ಲದಿರಬಹುದು. ಆದರೆ ರಂಗೋಲಿಯೋ ಕಸೂತಿಯೋ ಕೌದಿಯೋ ಬಂದೇ ಬರುವ ಒಬ್ಬ ಹಿರಿಯರು ಇರುತ್ತಾರೆ. ಯೂಟ್ಯೂಬ್ ತೆರೆಯುವ ಮೊದಲು ಅವರನ್ನು ಕೇಳಿ.

ಸ್ಟೇಜಿಗೆ ಸೀರೆ

ಹಾಲ್‌ನ ಸ್ಟೇಜು 20 ಅಡಿ ಅಗಲ. ಹಿಂದಿನ ಪರದೆಗೆ ಮನೆಯ ಸೀರೆಗಳನ್ನೇ ಬಳಸಿದೆವು. ಸೀರೆಯ ಉದ್ದ ಐದೂವರೆ ಮೀಟರ್. ಅರ್ಧಕ್ಕೆ ಮಡಚಿ ಅಡ್ಡಬಿದಿರಿನ ಮೇಲಿಂದ ಇಳಿಬಿಟ್ಟರೆ ಸರಿಯಾಗಿ 9 ಅಡಿ ಇಳಿಯುತ್ತದೆ, ಪಿನ್ನು ಚುಚ್ಚುವ ಗೋಜಿಲ್ಲ. ಜಾರದಂತೆ ಮೇಲೆ ಬಟ್ಟೆ ಕ್ಲಿಪ್ಪು ಹಾಕಿದರೆ ಸಾಕು. ಮಟ್ಟಸವಾಗಿ ಹರಡಿದರೆ ಆರು ಸೀರೆಗೆ ಸ್ಟೇಜು ಮುಚ್ಚುತ್ತದೆ. ನೆರಿಗೆ ಚೆನ್ನಾಗಿ ಬರಲಿ ಅಂತ ನಾವು 11 ಕಟ್ಟಿದೆವು. ಬಿದಿರಿನ ಸಿಬಿರು ತಾಗದಿರಲು ಬಿದಿರಿಗೆ ಬಿಳಿ ಬಟ್ಟೆ ಸುತ್ತಿದ್ದೆವು. ಪ್ರತಿ ಸೀರೆಗೂ ಯಜಮಾನಿಯ ಹೆಸರಿನ ಚೀಟಿ ಕಟ್ಟಿದ್ದೆವು, ವಾಪಸ್ ಕೊಡುವಾಗ ಜಗಳ ಆಗಬಾರದಲ್ಲ.

ಕೈ ಹಾಕಬಾರದ ಕೆಲಸಗಳೂ ಇವೆ. ಲೈಟಿಂಗ್ ಅನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ. ಬಟ್ಟೆಯ ಹತ್ತಿರ ವೈರು, ಬಿಸಿಯಾಗುವ ಬಲ್ಬು ಎರಡೂ ಅಪಾಯ. ಇನ್ನು ಭತ್ತದ ತೆನೆಯ ತೋರಣ ಕಟ್ಟುವವರು ನಮ್ಮಂತೆ ನೆಲದ ಮೇಲಿಟ್ಟು ಮಲಗಬೇಡಿ. ಎರಡು ದಿನ ಕೂತು ಕಟ್ಟಿದ ತೋರಣವನ್ನು ಒಂದೇ ರಾತ್ರಿಯಲ್ಲಿ ಇಲಿಗಳು ಮುಗಿಸಿದವು. ಬಾಗಿಲಿಗೆ ಕೊನೆಗೂ ಮಾವಿನೆಲೆಯೇ ಗತಿಯಾಯಿತು.

ಒಟ್ಟು ಖರ್ಚು ಹೇಳಿಬಿಡುತ್ತೇನೆ. ಕಾರ್ಡಿನ ಹಾಳೆ, ಪ್ರಿಂಟು, ಬಣ್ಣ 1,800. ಬಿಳಿ ಬಟ್ಟೆ 1,200. ನೂಲು ಮತ್ತು ಟೈಲರ್ 3,400. ಬಿದಿರು, ಕಟ್ಟುವವರ ಕೂಲಿ 3,000. ಲೈಟು 4,500. ಒಟ್ಟು 13,900 ರೂಪಾಯಿ.

ಹನ್ನೊಂದು ಹೊಂಬಾಳೆ

ಮದುವೆಯ ಹಿಂದಿನ ಸಂಜೆ ಎಲ್ಲ ಕಟ್ಟಿ ಮುಗಿಸಿ ನೋಡಿದರೆ ಸ್ಟೇಜಿನಲ್ಲಿ ಏನೋ ಕೊರತೆ. ಹೂವಿಲ್ಲ. ಸೇವಂತಿಗೆ ತರಿಸೋಣ ಅಂದರೆ ಆ ಹೊತ್ತಿಗೆ ಎಲ್ಲಿ ಸಿಗುತ್ತದೆ?

ಅಪ್ಪ ಏನೂ ಹೇಳದೆ ಬೈಕ್ ಹತ್ತಿ ಹೋದ. ಕತ್ತಲಾಗುವ ಹೊತ್ತಿಗೆ ವಾಪಸ್ ಬಂದಾಗ ಹಿಂದೆ ಕೂತ ಮಾವನ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಹೊಂಬಾಳೆಗಳ ಕಟ್ಟು. ಹನ್ನೊಂದು ಇದ್ದವು. ಅಡಿಕೆ ಬೆಳೆಯುವವರಿಗೆ ಇದರ ಅರ್ಥ ಗೊತ್ತು. ಒಂದು ಹೊಂಬಾಳೆ ಕೊಯ್ದರೆ ಒಂದು ಗೊನೆ ಅಡಿಕೆ ಹೋಯಿತು. ಹಬ್ಬಕ್ಕೆ ಒಂದು ಸಿಂಗಾರ ಕೇಳಿದರೂ ಬೈಯುತ್ತಿದ್ದ ಅಪ್ಪ ಹನ್ನೊಂದು ಕೊಯ್ದು ತಂದಿದ್ದ.

‘ಎಂತಕ್ಕಪ್ಪಾ ಇಷ್ಟೊಂದು?’ ಅಂದೆ.

‘ರೋಗದ ಮರದ್ದು. ಹ್ಯಾಂಗೂ ಕಾಯಿ ನಿಲ್ಲೂದಿಲ್ಲ’ ಅಂದ. ಆಮೇಲೆ, ‘ಈಗಲೇ ಬಿಡಿಸಬ್ಯಾಡ, ಬಾಡ್ತದೆ. ಬೆಳಿಗ್ಗೆ ಹಾಳೆ ಸೀಳು’ ಅಂತ ಸೇರಿಸಿದ.

ಬೆಳಿಗ್ಗೆ ಐದಕ್ಕೆ ಎದ್ದು ಒಂದೊಂದೇ ಹೊಂಬಾಳೆ ಸೀಳಿದೆವು. ಒಳಗಿಂದ ಬೆಣ್ಣೆ ಬಣ್ಣದ ಸಿಂಗಾರ ಹೊರಬಂತು. ಒಂದೊಂದು ಸೀರೆಯ ಮೇಲೂ ಒಂದೊಂದು ಇಳಿಬಿಟ್ಟೆವು. ಹನ್ನೊಂದು ಸೀರೆ, ಹನ್ನೊಂದು ಸಿಂಗಾರ. ಅಪ್ಪ ಸೀರೆಗಳನ್ನು ಎಣಿಸಿಕೊಂಡು ಹೋಗಿದ್ದ ಅನ್ನುವುದು ಆಗ ಗೊತ್ತಾಯಿತು.

ಮದುವೆಗೆ ಬಂದ ಹೆಂಗಸರೆಲ್ಲ ಸ್ಟೇಜಿನಲ್ಲಿ ತಮ್ಮ ಸೀರೆ ಹುಡುಕಿದರು. ಅದರ ಎದುರಿನ ಕುರ್ಚಿಗಾಗಿ ಪೈಪೋಟಿ ನಡೆಯಿತು. ಅಜ್ಜಿ ಚಿತ್ತಾರದ ಹಲಗೆಯ ಪಕ್ಕದಲ್ಲೇ ಕೂತು, ನೋಡಿದವರಿಗೆಲ್ಲ ‘ಬಲಗಡೆ ಮೂಲೆ ಸೊಟ್ಟ ಉಂಟು, ಅದು ಇವಳ ಕೆಲಸ’ ಅಂತ ನನ್ನ ಕಡೆ ಕೈ ತೋರಿಸುತ್ತಿದ್ದಳು. ದುಡ್ಡಿಲ್ಲ ಅಂತ ಯಾರೂ ಆಡಿಕೊಳ್ಳಲಿಲ್ಲ ಅಂದರೆ ಸುಳ್ಳಾದೀತು. ಒಬ್ಬರು ಆಡಿಕೊಂಡರು. ‘ಡೆಕೋರೇಷನ್‌ಗೆ ಯಾರನ್ನೂ ಕರೆಸಲಿಲ್ವಾ?’ ಅಂತ ಅಪ್ಪನನ್ನೇ ಕೇಳಿದರು. ನನಗೆ ಎದೆ ಧಸಕ್ಕೆಂದಿತು.

‘ಕರೆಸಿದ್ದೆ. ಮನೆ ಮಂದಿಯನ್ನೆಲ್ಲ ಕರೆಸಿದ್ದೆ’ ಅಂದ ಅಪ್ಪ.

ಅಕ್ಕನನ್ನು ಕಳಿಸಿಕೊಟ್ಟು, ಹಾಲ್ ಗುಡಿಸಿ, ರಾತ್ರಿ ಮನೆಗೆ ಬಂದೆವು. ಅಪ್ಪ ಜಗುಲಿಯಲ್ಲಿ ಕವಳ ಹಾಕುತ್ತ ಉಳಿದ ಒಂದು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ನಾನು ಪಕ್ಕದಲ್ಲಿ ಕೂತೆ.

‘ನಿನ್ನ ಮದುವೆಗೆ ಬೆಂಡೆಕಾಯಿ ಪ್ಯಾಟೆಯಿಂದ ತರೂದು ಬ್ಯಾಡ. ನಾನೇ ಹಿತ್ತಿಲಲ್ಲಿ ಬೆಳೀತೀನಿ’ ಅಂದ.

ಮೊದಲು ಡಿಗ್ರಿ ಮುಗಿಸುತ್ತೇನೆ ಅಂತ ಹೇಳಿದ್ದೇನೆ. ಬೆಂಡೆಯ ಬೀಜ ಮಾತ್ರ ಈ ಮಳೆಗೇ ಹಾಕಿಯಾಗಿದೆ.