ಬೀಳಗಿಯ ಗೋಹರಬಾಯಿ

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಬೀಳಗಿ: ಕೃಷ್ಣೆ ಘಟಪ್ರಭೆಯರ ನೀರುಂಡ ಈ ಸೀಮೆಯು ಹಾಡಿಗೂ ಆಟಕ್ಕೂ ಹೆಸರಾದುದು. ಜಾತ್ರೆ ಬಂದಿತೆಂದರೆ ಶ್ರೀಕೃಷ್ಣ ಪಾರಿಜಾತದ ಮೇಳ ಬರಬೇಕು. ಬೆಳಗಾಗುವವರೆಗೆ ಸತ್ಯಭಾಮೆಯ ಮುನಿಸು ಇಳಿಯಬಾರದು. ಇಂಥ ನೆಲದಿಂದ ಎದ್ದುಹೋದ ಹೆಣ್ಣುಮಗಳೊಬ್ಬಳು ಮರಾಠಿ ರಂಗಭೂಮಿಯ ಅತ್ಯಂತ ಪ್ರಸಿದ್ಧ ನಟನ ಪಾತ್ರಗಳನ್ನೇ ವಹಿಸಿಕೊಂಡು, ಕೀರ್ತಿಗಿಂತ ಹೆಚ್ಚಾಗಿ ನಿಂದೆಯನ್ನೇ ಉಂಡು ಬಾಳಿದಳೆಂಬುದು ಇಂದು ಎಷ್ಟು ಮಂದಿಗೆ ನೆನಪಿದೆ?

ಆಕೆಯೇ ಗೋಹರಬಾಯಿ ಕರ್ನಾಟಕಿ. ಈ ಹೆಸರಿನವರು ಹಲವರಿದ್ದುದರಿಂದ ಗೊಂದಲವೂ ಉಂಟು. ಗ್ರಾಮೋಫೋನಿನ ಮೊದಲ ದಿನಗಳಲ್ಲಿ ಹಾಡಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಕಲ್ಕತ್ತೆಯ ಗೌಹರ್ ಜಾನ್ ಬೇರೆ. ಮುಂಬಯಿಯ ರಣಜಿತ್ ಚಿತ್ರಸಂಸ್ಥೆಯ ಮಿಸ್ ಗೋಹರ್ ಬೇರೆ. ನಮ್ಮ ಗೋಹರಬಾಯಿ ಬೀಳಗಿಯವರು. ಹಿಂದಿ ಚಿತ್ರಗಳ ಹಿರಿಯ ಗಾಯಕಿ ಅಮೀರಬಾಯಿ ಕರ್ನಾಟಕಿಯ ಅಕ್ಕ. ಸಂಗೀತ, ನಾಟಕಗಳು ಆ ಮನೆಯಲ್ಲಿ ಹುಟ್ಟಿನಿಂದಲೇ ಬಂದ ವಿದ್ಯೆಗಳು.

ಮರಾಠಿ ಸಂಗೀತ ನಾಟಕಕ್ಕೂ ಕನ್ನಡ ನೆಲಕ್ಕೂ ನಂಟು ಹಳೆಯದು. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿ ಆ ಪರಂಪರೆಗೆ ಬುನಾದಿ ಹಾಕಿದ ನಟ-ನಾಟಕಕಾರ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅವರು ಕಟ್ಟಿದ ಮಂಡಳಿಗೆ 1905ರಲ್ಲಿ ನಾರಾಯಣರಾವ ರಾಜಹಂಸರೆಂಬ ತರುಣರು ಸೇರಿದರು. ಅವರೇ ಬಾಲಗಂಧರ್ವರು. 1913ರಲ್ಲಿ ಅವರು ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ‘ಮಾನಾಪಮಾನ’ದ ಭಾಮಿನಿಯಾಗಿ, ‘ಸ್ವಯಂವರ’ದ ರುಕ್ಮಿಣಿಯಾಗಿ, ‘ಏಕಚ ಪ್ಯಾಲಾ’ದ ಸಿಂಧುವಾಗಿ ಅವರು ರಂಗಕ್ಕೆ ಬಂದರೆ ಪ್ರೇಕ್ಷಕರು ಮೈಮರೆಯುತ್ತಿದ್ದರು. ಗರತಿಯರು ಅವರ ಉಡುಗೆ ತೊಡುಗೆಗಳನ್ನು ನೋಡಿ ತಾವೂ ಹಾಗೆಯೇ ಉಡಲು ಕಲಿತರೆಂದು ಹೇಳುವುದುಂಟು.

ಆದರೆ 1931ರಲ್ಲಿ ಚಲನಚಿತ್ರಕ್ಕೆ ಮಾತು ಬಂದಿತು. ನಾಟಕ ಮಂಡಳಿಗಳ ದೆಸೆ ತಿರುಗಿತು. ಸಾಲದ ಹೊರೆ ಹೊತ್ತಿದ್ದ ಬಾಲಗಂಧರ್ವರು 1935ರಲ್ಲಿ ಪ್ರಭಾತ ಸಂಸ್ಥೆಯ ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥರಾಗಿ ನಟಿಸಿದರೂ ಮನಸ್ಸು ರಂಗಭೂಮಿಯಲ್ಲಿಯೇ ಇದ್ದುದರಿಂದ ಹಿಂದಿರುಗಿ ಬಂದರು. ಆ ದಶಕದ ಕೊನೆಯಲ್ಲಿ ಅವರ ಮಂಡಳಿಯ ನಾಯಿಕೆಯಾಗಿ ಬಂದವರು ಗೋಹರಬಾಯಿ. ಬಾಲಗಂಧರ್ವರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿಯೇ ಆಕೆ ಅವರ ಗಾಯನಶೈಲಿಯನ್ನು ಸಾಧಿಸಿದ್ದರೆಂದು ಹೇಳುತ್ತಾರೆ.

ಇಲ್ಲಿಯೇ ಆಕೆಯ ಬಾಳಿನ ಇಕ್ಕಟ್ಟು. ಹೆಣ್ಣಿನ ಲಾವಣ್ಯವೆಂದರೆ ಹೀಗಿರಬೇಕೆಂದು ಒಬ್ಬ ಪುರುಷನು ಮೂವತ್ತು ವರ್ಷ ರಂಗದ ಮೇಲೆ ತೋರಿಸಿದ್ದನು. ಈಗ ನಿಜವಾದ ಹೆಣ್ಣೊಬ್ಬಳು ಅದೇ ಸಿಂಧು, ಅದೇ ರುಕ್ಮಿಣಿಯಾಗಿ ನಿಂತಾಗ, ಪ್ರೇಕ್ಷಕನು ಆಕೆಯನ್ನು ಹೆಂಗಸರೊಡನೆ ತೂಗಲಿಲ್ಲ, ಗಂಧರ್ವರೊಡನೆ ತೂಗಿದನು. ಅವರಂತೆ ಹಾಡಿದರೆ ಅನುಕರಣ. ಬೇರೆಯಾಗಿ ಹಾಡಿದರೆ ಅಪರಾಧ. ಜನರು ಬೇಡಿದುದು ಹಳೆಯ ಸ್ತ್ರೀವೇಷವನ್ನೇ. ಐವತ್ತು ದಾಟಿದ ಮೇಲೂ ಬಾಲಗಂಧರ್ವರು ಮತ್ತೆ ಮತ್ತೆ ಸೀರೆಯುಡಬೇಕಾಯಿತು.

ಕಲೆಯ ಮೇಲಿನ ಟೀಕೆಗೆ ಬಾಳಿನ ಮೇಲಿನ ನಿಂದೆಯೂ ಕೂಡಿಕೊಂಡಿತು. ಆಕೆ ಮುಸಲ್ಮಾನ ಹೆಂಗಸು, ಕನ್ನಡದವಳು, ನಟಿ. ಬಾಲಗಂಧರ್ವರ ಹಳೆಯ ಹಿತೈಷಿಗಳಲ್ಲಿ ಹಲವರು ದೂರ ಸರಿದರು. ಮಂಡಳಿಯ ಅವನತಿಯ ಹೊಣೆಯನ್ನು ಆಕೆಯ ತಲೆಗೆ ಕಟ್ಟಿದವರೂ ಉಂಟು. ಸಾಲವೂ ಬೋಲಪಟವೂ ಆಕೆ ಬರುವ ಮೊದಲೇ ಮಂಡಳಿಯನ್ನು ಕಾಡಿದ್ದುವೆಂಬುದನ್ನು ಅವರು ಮರೆತರು. 1951ರಲ್ಲಿ ಇಬ್ಬರೂ ವಿವಾಹವಾದರು. ಮುಂದೆ ಬಾಲಗಂಧರ್ವರ ಕಾಲುಗಳ ಶಕ್ತಿ ಕುಂದಿತು. ಮೆರವಣಿಗೆಯ ದಿನಗಳಲ್ಲಿ ಸುತ್ತ ನೆರೆದಿದ್ದ ಜನಜಂಗುಳಿ ಕರಗಿದಾಗ ಜೊತೆಯಲ್ಲಿ ಉಳಿದವರು ಗೋಹರಬಾಯಿ. 1964ರಲ್ಲಿ ಬಾಲಗಂಧರ್ವರಿಗೆ ಪದ್ಮಭೂಷಣ ದೊರೆಯಿತು. ಅದೇ ವರ್ಷ ಗೋಹರಬಾಯಿ ಕಣ್ಣುಮುಚ್ಚಿದರು. ಮೂರು ವರ್ಷಗಳ ಅನಂತರ, 1967ರ ಜುಲೈ 15ರಂದು, ಅವರೂ ತೀರಿಕೊಂಡರು.

ತಂಗಿ ಅಮೀರಬಾಯಿಯ ಭಾಗ್ಯ ಬೇರೆ ಬಗೆಯದು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ಆಕೆಯ ಕಂಠವನ್ನು ಮನೆಮನೆಗೆ ಒಯ್ದುವು. ವಿಜಯಪುರದ ಅಮೀರ್ ಟಾಕೀಸು ಆಕೆಯ ಹೆಸರನ್ನು ಉಳಿಸಿತು. ರಹಮತ್ ತರೀಕೆರೆಯವರು ಆಕೆಯನ್ನು ಕುರಿತು ಕನ್ನಡದಲ್ಲಿ ಗ್ರಂಥವನ್ನೇ ಬರೆದರು. ತಟ್ಟೆಯಲ್ಲಿ ಮುದ್ರಿತವಾದ ದನಿಗೆ ಆಯುಷ್ಯ ಹೆಚ್ಚು. ರಂಗದ ಮೇಲಿನ ಅಭಿನಯವಾದರೋ ಪರದೆ ಬೀಳುವುದರೊಡನೆ ಮುಗಿಯುತ್ತದೆ. ಆಮೇಲೆ ಉಳಿಯುವುದು ನೋಡಿದವರ ಮಾತು. ಗೋಹರಬಾಯಿಯ ಪಾಲಿಗೆ ಆ ಮಾತು ಹೆಚ್ಚಾಗಿ ಕಹಿಯೇ ಆಯಿತು.

ಆದರೂ ಆಕೆ ತನ್ನ ಹೆಸರಿನ ಮುಂದೆ ‘ಕರ್ನಾಟಕಿ’ ಎಂಬ ಪದವನ್ನು ಬಿಡಲಿಲ್ಲ. ಪರನಾಡಿನಲ್ಲಿ ನಿಂತು ತವರಿನ ಹೆಸರನ್ನು ಹೊತ್ತವಳನ್ನು ತವರು ಮರೆಯಬಾರದು.