ನಾಲ್ಕು ತಾಲ್ಲೂಕಿನ ಮಳೆ, ಒಂದೇ ಪರದೆಯಲ್ಲಿ

ಪ್ರಶ್ನೆ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮಳೆ ಲೆಕ್ಕ ಬರೆದಿಟ್ಟಿದ್ದೇನೆ. ದುಡ್ಡಿಲ್ಲದೆ ಗ್ರಾಫ್ ಮಾಡಬಹುದೇ?

ಉತ್ತರ: ಖಂಡಿತ. ಗೂಗಲ್‌ನ ಲುಕರ್ ಸ್ಟುಡಿಯೋ ಉಚಿತ. 2022ರವರೆಗೆ ಅದರ ಹೆಸರು ಡೇಟಾ ಸ್ಟುಡಿಯೋ ಎಂದಿತ್ತು. ನಿಜವಾದ ಕೆಲಸವಿರುವುದು ಗೂಗಲ್ ಶೀಟ್‌ನಲ್ಲಿ. ತಾಲ್ಲೂಕಿಗೊಂದು ಕಾಲಂ ಬೇಡ. ದಿನಾಂಕ, ತಾಲ್ಲೂಕು, ಮಳೆ ಎಂದು ಮೂರೇ ಕಾಲಂ ಇರಲಿ. ದಿನಕ್ಕೆ ನಾಲ್ಕು ಸಾಲು. ಮಳೆಗೆ 12 ಎಂದಷ್ಟೇ ಬರೆಯಿರಿ, ‘12 ಮಿ.ಮೀ.’ ಎಂದರೆ ಅದು ಪದವಾಗಿಬಿಡುತ್ತದೆ, ಕೂಡಿಸಲು ಬರುವುದಿಲ್ಲ. ಹೆಸರೂ ಅಷ್ಟೇ: ಒಮ್ಮೆ ‘ಅರಕಲಗೂಡು’, ಇನ್ನೊಮ್ಮೆ ‘ಅರ್ಕಲಗೂಡು’ ಎಂದರೆ ಒಂದೇ ಊರಿಗೆ ಎರಡು ಗೆರೆ ಮೂಡುತ್ತವೆ. ಬಳಿಕ ಲುಕರ್ ಸ್ಟುಡಿಯೋಗೆ ಶೀಟ್ ಜೋಡಿಸಿ, ಟೈಮ್ ಸೀರೀಸ್ ಚಾರ್ಟ್ ಹಾಕಿ, ಬ್ರೇಕ್‌ಡೌನ್ ಜಾಗಕ್ಕೆ ತಾಲ್ಲೂಕನ್ನು ಕೊಡಿ. ಗೊರೂರಿನ ಹೇಮಾವತಿ ಜಲಾಶಯದ ಮಟ್ಟವನ್ನೂ ಪಕ್ಕದಲ್ಲಿಡಿ. ಅದರ ಗರಿಷ್ಠ ಮಟ್ಟ 2,922 ಅಡಿ. ಮಳೆ ಲೆಕ್ಕ ಬರೆದಿಟ್ಟ ಹಳೆಯ ನೋಟ್‌ಬುಕ್ ಮಾತ್ರ ಎಸೆಯಬೇಡಿ.