ಬೀರುವಿನಲ್ಲಿ ಟ್ಯಾಬ್, ಏಣಿಯ ಬುಡದಲ್ಲಿ ಮಗು

ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಟ್ಯಾಬ್‌ಗಳನ್ನು ಕೊಡುಗೆಯಾಗಿ ನೀಡುವ ಸಮಾರಂಭಗಳು ಈಗ ಅಪರೂಪವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಶಿಕ್ಷಣ ಅದರ ಅಂಗೀಕೃತ ಬಾಬತ್ತುಗಳಲ್ಲಿ ಒಂದು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ, ಕೈಗಾರಿಕಾ ಪ್ರದೇಶವನ್ನೂ ಹೊಂದಿರುವ ಲಕಮನಹಳ್ಳಿಯಲ್ಲಿ ವಾಸಿಸುವ ನನ್ನಂಥ ನಿವೃತ್ತನಿಗೆ ಇಂಥ ಕೊಡುಗೆಗಳು ಮುಂದೆ ಏನಾಗುತ್ತವೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶವಿದೆ. ದಾನಿಗಳ ಸದುದ್ದೇಶದ ಬಗ್ಗೆ ಸಂದೇಹವಿಲ್ಲ. ಆದರೆ ಅರ್ಥಶಾಸ್ತ್ರ ಓದಿದವನಿಗೆ ಸದುದ್ದೇಶದ ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಇದೇ ಹಣದಿಂದ ಇದೇ ಮಗುವಿಗೆ ಇದಕ್ಕಿಂತ ಹೆಚ್ಚಿನ ಪ್ರಯೋಜನ ದೊರೆಯುವಂತೆ ಮಾಡಬಹುದಿತ್ತೇ?

ಯಂತ್ರದ ಮೂಲಕ ಪ್ರಾಥಮಿಕ ಶಿಕ್ಷಣದ ಕೊರತೆ ನೀಗಿಸುವ ಯತ್ನ ನಮ್ಮ ರಾಜ್ಯಕ್ಕೆ ಹೊಸದಲ್ಲ. 2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬಂದಿತು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿದಾಗ, ಅದರ ಮೂಲಕ ಪ್ರಾಥಮಿಕ ಪಾಠಗಳನ್ನು ಬಿತ್ತರಿಸುವ ಪ್ರಯೋಗಕ್ಕೆ ಆಯ್ಕೆಯಾದದ್ದು ನಮ್ಮ ಚಾಮರಾಜನಗರ ಜಿಲ್ಲೆ. ಅಲ್ಲಿನ 800ಕ್ಕೂ ಹೆಚ್ಚು ಶಾಲೆಗಳಿಗೆ ಸಂಪರ್ಕ ಕಲ್ಪಿಸಲಾಯಿತು. ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಪಠ್ಯಾಧಾರಿತ ಸಿ.ಡಿ.ಗಳನ್ನು ತಯಾರಿಸಿ ಶಾಲೆಗಳಿಗೆ ತಲುಪಿಸಿತು. ವರ್ಷಗಳ ಅನುಭವದ ನಂತರ ಆ ಸಂಸ್ಥೆಯ ಮುಖ್ಯಸ್ಥರಲ್ಲಿ ಒಬ್ಬರಾದ ಅನುರಾಗ್ ಬೆಹರ್ ಅವರು 2010ರಲ್ಲಿ, ಶಿಕ್ಷಣದ ಮೂಲ ಸಮಸ್ಯೆಗಳಿಗೆ ತಂತ್ರಜ್ಞಾನ ಪರಿಹಾರವಾಗದು, ಅದರ ಮೋಹ ನಮ್ಮ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ ಎಂಬ ಅರ್ಥದಲ್ಲಿ ಬರೆದರು. ಸ್ವತಃ ಸಾಫ್ಟ್‌ವೇರ್ ಉದ್ಯಮದ ಸಂಪತ್ತಿನಿಂದ ಹುಟ್ಟಿದ ಸಂಸ್ಥೆಯೊಂದರಿಂದ ಈ ಮಾತು ಬಂದದ್ದು ಗಮನಾರ್ಹ.

ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರ 2005ರಲ್ಲಿ ಆರಂಭವಾದಾಗ ಅದರ ಸ್ಥಾಪಕರಲ್ಲಿ ಒಬ್ಬರಾಗಿದ್ದ ಕೆಂಟಾರೊ ಟೊಯಾಮಾ ಅವರ ತೀರ್ಮಾನವೂ ಹೆಚ್ಚು ಭಿನ್ನವಲ್ಲ. ಒಂದೇ ಕಂಪ್ಯೂಟರಿಗೆ ಹಲವು ಮೌಸ್‌ಗಳನ್ನು ಜೋಡಿಸಿ ಅನೇಕ ಮಕ್ಕಳು ಏಕಕಾಲಕ್ಕೆ ಬಳಸುವ ವಿಧಾನವನ್ನು ರೂಪಿಸಿದ ತಂಡ ಅವರದು. 2015ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಹೇಳುವುದಿಷ್ಟು: ತಂತ್ರಜ್ಞಾನವು ಇರುವ ಶಕ್ತಿಯನ್ನು ಹಿಗ್ಗಿಸುತ್ತದೆ, ಇಲ್ಲದ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಶಾಲೆ ಅದರಿಂದ ಇನ್ನಷ್ಟು ಚೆನ್ನಾಗುತ್ತದೆ. ಶಿಕ್ಷಕರೇ ಇಲ್ಲದ ಶಾಲೆಯ ಸ್ಥಿತಿ ಹಾಗೆಯೇ ಉಳಿಯುತ್ತದೆ.

<b>ಲೆಕ್ಕ ಏನು ಹೇಳುತ್ತದೆ?</b>

ಹಾಗೆಂದು ಟ್ಯಾಬ್‌ನಿಂದ ಉಪಯೋಗವೇ ಇಲ್ಲ ಎನ್ನುವುದು ಅವಸರದ ಮಾತಾದೀತು. ಮೂರನೆಯ ತರಗತಿಯಲ್ಲಿ 30 ಮಕ್ಕಳಿದ್ದಾರೆಂದು ಭಾವಿಸೋಣ. ಕೆಲವರು ಪಾಠವನ್ನು ಸರಾಗವಾಗಿ ಓದುತ್ತಾರೆ, ಕೆಲವರಿಗೆ ಇನ್ನೂ ಒತ್ತಕ್ಷರ ಬಾರದು, ಒಬ್ಬಿಬ್ಬರಿಗೆ ಕಾಗುಣಿತವೇ ಕಷ್ಟ. ಶಿಕ್ಷಕಿ ಕಲಿಸುವ ಪಾಠ ಮಾತ್ರ ಒಂದೇ. ಒಳ್ಳೆಯ ಸಾಫ್ಟ್‌ವೇರ್ ಪ್ರತಿ ಮಗು ನಿಂತಿರುವ ಮೆಟ್ಟಿಲನ್ನು ಗುರುತಿಸಿ ಅಲ್ಲಿಂದ ಮೇಲಕ್ಕೆ ಕರೆದೊಯ್ಯಬಲ್ಲದು. ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ಸಾಫ್ಟ್‌ವೇರ್ ಬಗ್ಗೆ ಕಾರ್ತಿಕ್ ಮುರಳೀಧರನ್ ಮತ್ತು ಸಹೋದ್ಯೋಗಿಗಳು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಲ್ಲಿನ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡು ತರಗತಿಗಳಿಗಿಂತ ಹೆಚ್ಚು ಹಿಂದುಳಿದಿದ್ದರು. ಅವರವರ ಮಟ್ಟದಿಂದಲೇ ಆರಂಭಿಸಿದ್ದರಿಂದ ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಗಣನೀಯ ಪ್ರಗತಿ ಕಂಡುಬಂದಿತು. ಆದರೆ ಅದು ಶಾಲೆಯ ಅವಧಿಯ ನಂತರ ನಡೆದದ್ದು, ಜೊತೆಗೆ ಸಣ್ಣ ಗುಂಪಿಗೆ ಪಾಠ ಹೇಳುವ ಬೋಧಕರೂ ಇದ್ದರು ಎಂಬುದನ್ನು ಮರೆಯಬಾರದು.

ಈ ಕೊನೆಯ ಅಂಶಕ್ಕೆ ಎಷ್ಟು ತೂಕವಿದೆಯೆಂಬುದು ಗುಜರಾತಿನ ಇನ್ನೊಂದು ಅಧ್ಯಯನದಿಂದ ತಿಳಿಯುತ್ತದೆ. ಕಂಪ್ಯೂಟರ್ ಪಾಠವನ್ನು ಶಾಲೆಯ ಅವಧಿಯಾಚೆ ಹೆಚ್ಚುವರಿಯಾಗಿ ಕೊಟ್ಟಾಗ ಮಕ್ಕಳಿಗೆ ಲಾಭವಾಯಿತು. ಶಿಕ್ಷಕರ ಪಾಠದ ಬದಲಿಗೆ ಕೊಟ್ಟಾಗ ಮಕ್ಕಳು ಕಲಿತದ್ದು ಮೊದಲಿಗಿಂತ ಕಡಿಮೆ. ಯಂತ್ರ ಅದೇ, ಮಕ್ಕಳೂ ಅಂಥವರೇ. ವ್ಯತ್ಯಾಸವಿದ್ದದ್ದು ಅದನ್ನು ಎಲ್ಲಿ ಕೂರಿಸಲಾಯಿತು ಎಂಬುದರಲ್ಲಿ.

ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ, ಸಹೋದ್ಯೋಗಿಗಳೊಡನೆ ವಡೋದರಾದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆ ನಮ್ಮ ದಾನಿಗಳು ಅವಶ್ಯ ಓದಬೇಕಾದದ್ದು. ಆ ನಗರದ ನೂರು ಮುನ್ಸಿಪಲ್ ಪ್ರಾಥಮಿಕ ಶಾಲೆಗಳಿಗೆ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. 2002ರಲ್ಲಿ ‘ಪ್ರಥಮ್’ ಸಂಸ್ಥೆ ಹೋಗಿ ನೋಡಿದಾಗ ಅವುಗಳಲ್ಲಿ ಮಕ್ಕಳ ಬಳಕೆಗೆ ಬಂದಿದ್ದವು ತೀರ ಕಡಿಮೆ. ಬಳಿಕ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಏರ್ಪಡಿಸಿದಾಗ ಗಣಿತದ ಅಂಕಗಳು ಚೆನ್ನಾಗಿಯೇ ಏರಿದವು. ಅದೇ ನಗರದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಹಿಂದುಳಿದ ಇಪ್ಪತ್ತರಷ್ಟು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಅಕ್ಷರ, ಲೆಕ್ಕ ಕಲಿಸಲು ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ಯುವತಿಯರನ್ನು ‘ಬಾಲಸಖಿ’ಯರಾಗಿ ನೇಮಿಸಲಾಯಿತು. ಅದರಿಂದಲೂ ಕಲಿಕೆ ಸುಧಾರಿಸಿತು. ವೆಚ್ಚದ ಲೆಕ್ಕ ನೋಡಿ: ಕಂಪ್ಯೂಟರ್ ಕಾರ್ಯಕ್ರಮಕ್ಕೆ ಒಂದು ಮಗುವಿಗೆ ವರ್ಷಕ್ಕೆ 722 ರೂಪಾಯಿ, ಬಾಲಸಖಿಗೆ 107 ರೂಪಾಯಿ. ಖರ್ಚು ಮಾಡಿದ ಪ್ರತಿ ರೂಪಾಯಿಗೆ ದೊರೆತ ಫಲದಲ್ಲಿ ಬಾಲಸಖಿಯೇ ಬಹಳ ಮುಂದಿದ್ದಳು. ಆ ಬಳಿಕ ಯಂತ್ರಗಳು ಅಗ್ಗವಾಗಿವೆ, ಸಂಬಳಗಳು ಏರಿವೆ, ನಿಜ. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡುವ ಕ್ರಮ ಇಂದಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಯಾರೂ ಮಾಡದಿರುವುದು ಆ ತೂಕವನ್ನೇ.

<b>ನಮ್ಮದೇ ಏಣಿ</b>

ಪ್ರತಿ ಮಗುವನ್ನೂ ಅದರ ಮೆಟ್ಟಿಲಿನಿಂದಲೇ ಮೇಲೆತ್ತಬೇಕೆಂಬ ವಿಚಾರಕ್ಕೆ ನಾವು ಸಾಫ್ಟ್‌ವೇರ್‌ಗಾಗಿ ಕಾಯಬೇಕಿರಲಿಲ್ಲ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆರಂಭಿಸಿದ ‘ನಲಿ-ಕಲಿ’ ಪದ್ಧತಿ ಅದನ್ನು ರಟ್ಟಿನ ಕಾರ್ಡುಗಳಲ್ಲೇ ಸಾಧಿಸಿತು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ವ್ಯಾಪಿಸಿತು. ಅಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಮೈಲಿಗಲ್ಲುಗಳಿರುತ್ತವೆ. ಮಕ್ಕಳು ತಟ್ಟೆಗಳ ಪ್ರಕಾರ ಗುಂಪುಗಳಾಗಿ ಕೂರುತ್ತಾರೆ: ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಭಾಗಶಃ, ಮತ್ತೊಂದರಲ್ಲಿ ಮಕ್ಕಳು ಪರಸ್ಪರ ಕಲಿಯುತ್ತಾರೆ, ಕೊನೆಯದರಲ್ಲಿ ಸ್ವಕಲಿಕೆ. ಹೊಂದಿಕೆಯ ಕಲಿಕೆ ಎಂದು ಇಂದು ಮಾರಾಟವಾಗುತ್ತಿರುವುದರ ತಿರುಳೆಲ್ಲ ಇದರಲ್ಲಿದೆ.

ಈ ಪದ್ಧತಿ ಸೊರಗಿರುವ ಕಡೆ ಕಾರಣ ಹುಡುಕಿದರೆ ಯಂತ್ರದ ಅಭಾವ ಕಾಣುವುದಿಲ್ಲ. ಕಾರ್ಡುಗಳು ಹರಿದಾಗ ಬದಲಿಸುವವರಿಲ್ಲ; ಮೂರು ತರಗತಿಗಳಿಗೆ ಒಬ್ಬರೇ ಶಿಕ್ಷಕರು; ಅವರಿಗೂ ಮಕ್ಕಳ ಮಾಹಿತಿಯನ್ನು ಇಲಾಖೆಯ ತಂತ್ರಾಂಶಗಳಿಗೆ ತುಂಬುವ, ಬಿಸಿಯೂಟದ ಲೆಕ್ಕ ಇಡುವ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರೆಂದು ವಿಧಿಸುತ್ತದೆ. ಆ ಒಬ್ಬ ಶಿಕ್ಷಕರ ದಿನದ ಎಷ್ಟು ಗಂಟೆ ವಾಸ್ತವದಲ್ಲಿ ಮಕ್ಕಳಿಗೆ ದೊರೆಯುತ್ತದೆ ಎಂಬುದು ಬೇರೆಯೇ ಪ್ರಶ್ನೆ.

<b>ದಾಸ್ತಾನು ವಹಿಯ ಭಯ</b>

ನಮ್ಮ ಭಾಗದ ಶಾಲೆಯೊಂದರಲ್ಲಿ, ಹೆಸರು ಇಲ್ಲಿ ಬೇಕಿಲ್ಲ, ಕೊಡುಗೆಯಾಗಿ ಬಂದ ಟ್ಯಾಬ್‌ಗಳನ್ನು ನೋಡಬೇಕೆಂದು ಕೇಳಿದೆ. ಮುಖ್ಯೋಪಾಧ್ಯಾಯಿನಿ ಬೀರುವಿನ ಬೀಗ ತೆಗೆದು ತೋರಿಸಿದರು. ಪ್ಲಾಸ್ಟಿಕ್ ಹೊದಿಕೆಯೊಳಗೆ ಅವು ಸುರಕ್ಷಿತವಾಗಿದ್ದವು. ‘ಮಕ್ಕಳ ಕೈಯಾಗ ಕೊಟ್ಟು ಒಂದು ಒಡದ್ರ ಆಡಿಟ್‌ನವರಿಗೆ ಏನ್ ಹೇಳ್ಲಿ ಸರ್?’ ಎಂದರು. ಇದನ್ನು ನಿರ್ಲಕ್ಷ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಮೂರು ದಶಕಗಳ ಕಾಲ ಕಡತಗಳ ನಡುವೆ ಬದುಕಿದ ನನಗೆ ಆ ಭಯದ ಮೂಲ ಗೊತ್ತು. ದಾಸ್ತಾನು ವಹಿಯಲ್ಲಿ ನಮೂದಾದ ವಸ್ತು ಕಳೆದರೆ ಅಥವಾ ಕೆಟ್ಟರೆ ವಿವರಣೆ ಕೊಡಬೇಕಾದವರು ಅವರು. ಬಳಸದೆ ಇಟ್ಟರೆ ಯಾರೂ ಕೇಳುವುದಿಲ್ಲ. ನಿಯಮಗಳು ಹೀಗಿರುವಾಗ ಬೀಗ ಹಾಕುವುದೇ ವಿವೇಕ.

ಇನ್ನೊಂದು ಕೊರತೆಯೂ ಆಡಳಿತದ್ದೇ. ಉಪಕರಣದ ಖರೀದಿ ಬಂಡವಾಳ ವೆಚ್ಚ. ಅದು ಒಂದು ಸಲ ಆಗಿ ಮುಗಿಯುತ್ತದೆ, ಮಾರ್ಚ್ 31ರೊಳಗೆ ಬಳಕೆ ಪ್ರಮಾಣಪತ್ರವೂ ಸಿದ್ಧವಾಗುತ್ತದೆ, ಛಾಯಾಚಿತ್ರವೂ ಬರುತ್ತದೆ. ಬ್ಯಾಟರಿ, ದುರಸ್ತಿ, ಇಂಟರ್‌ನೆಟ್, ತರಬೇತಿ ಇವು ಪ್ರತಿವರ್ಷದ ವೆಚ್ಚ. ಇವುಗಳಿಗೆ ದಾನಿಗಳೂ ಇಲ್ಲ, ಸಮಾರಂಭವೂ ಇಲ್ಲ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ನೀಡುವುದಾಗಿ ಮುಖ್ಯಮಂತ್ರಿ ಘೋಷಿಸಿದ್ದು ಈ ನಿಟ್ಟಿನಲ್ಲಿ ಸರಿಯಾದ ಹೆಜ್ಜೆ. ಉಳಿದ ಬಾಬತ್ತುಗಳು ಹಾಗೆಯೇ ಇವೆ.

ಭಾಷೆಯ ಪ್ರಶ್ನೆಯೂ ಚಿಕ್ಕದಲ್ಲ. ಮನೆಯಲ್ಲಿ ‘ಸಾಲಿಗೆ ಹೊಂಟೀನಿ’ ಎನ್ನುವ ನಮ್ಮ ಮಗುವಿಗೆ ಆ್ಯಪ್‌ನೊಳಗಿನ ದನಿ ಬೇರೆ ಊರಿನ ಕನ್ನಡವಾಗಿ ಕೇಳಿಸುತ್ತದೆ. ಉರ್ದು, ಮರಾಠಿ, ಹಿಂದಿ ಮನೆಮಾತಿನ ಮಕ್ಕಳ ಪಾಡು ಇನ್ನೂ ಕಠಿಣ. ಎರಡರ ನಡುವೆ ಸೇತುವೆಯಾಗಬಲ್ಲವರು ಆ ಮಗುವಿನ ಮಾತು ಬಲ್ಲ ಶಿಕ್ಷಕರು. ಕನ್ನಡದಲ್ಲಿ ಸಾಮಗ್ರಿಯೇ ಇಲ್ಲವೆಂದಲ್ಲ. ಅಕ್ಷರ ಪ್ರತಿಷ್ಠಾನದ ಗಣಿತದ ಆ್ಯಪ್ ‘ಬಿಲ್ಡಿಂಗ್ ಬ್ಲಾಕ್ಸ್’ ಉಚಿತವಾಗಿದೆ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಕನ್ನಡ ಕಥೆಗಳು ಮುಕ್ತವಾಗಿ ದೊರೆಯುತ್ತವೆ. ಇವುಗಳನ್ನು ತಿಳಿದು ಆರಿಸುವ ಬಿಡುವು ಶಿಕ್ಷಕರಿಗೆ ಬೇಕು.

ಹೊರಜಗತ್ತಿನ ಅನುಭವವೂ ಎಚ್ಚರಿಕೆಯನ್ನೇ ಹೇಳುತ್ತದೆ. ಪೆರು ದೇಶ ಹತ್ತು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಹಂಚಿದರೂ ಬೋಧನಾಕ್ರಮ ಬದಲಾಗದ ಕಾರಣ ಕಲಿಕೆ ಸುಧಾರಿಸಲಿಲ್ಲ ಎಂದು ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ ದಾಖಲಿಸಿದೆ. ಅದೇ ವರ್ಷ ಸ್ವೀಡನ್, ಶಿಶುಶಾಲೆಗಳಲ್ಲಿ ಡಿಜಿಟಲ್ ಸಾಧನ ಕಡ್ಡಾಯವೆಂಬ ನಿಲುವಿನಿಂದ ಹಿಂದೆ ಸರಿದು ಮುದ್ರಿತ ಪುಸ್ತಕಗಳಿಗೆ ಅನುದಾನ ಕೊಟ್ಟಿತು. ನಮ್ಮಲ್ಲಿ ಕೋವಿಡ್ ಕಾಲದ ‘ವಿದ್ಯಾಗಮ’ ಯೋಜನೆ ಮಕ್ಕಳನ್ನು ಮನೆಯಲ್ಲಿರುವ ಸಾಧನಗಳ ಆಧಾರದ ಮೇಲೆಯೇ ವಿಂಗಡಿಸಬೇಕಾಯಿತು. ಏನೂ ಇಲ್ಲದ ಮಗುವಿನ ಬಳಿಗೆ ಕೊನೆಗೆ ನಡೆದುಹೋದವರು ಶಿಕ್ಷಕರು. ‘ಅಸರ್’ ವರದಿಗಳ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ 20.9, ಶಾಲೆಗಳು ಮುಚ್ಚಿದ್ದ ಕಾಲ ಕಳೆದು 2022ರಲ್ಲಿ ಶೇ 16.3, ಬಾಗಿಲು ತೆರೆದು ಪಾಠ ನಿಯತವಾದ ಮೇಲೆ 2024ರಲ್ಲಿ ಶೇ 23.4. ಮನೆಮನೆಗೆ ಸ್ಮಾರ್ಟ್‌ಫೋನ್ ಬಂದ ಅವಧಿಯೂ ಇದೇ ಎಂಬುದನ್ನು ನೆನೆದರೆ, ಈ ಏರಿಳಿತ ಯಾವುದನ್ನು ಹಿಂಬಾಲಿಸಿದೆ ಎಂಬುದು ಸ್ಪಷ್ಟವಾಗುತ್ತದೆ. ಆದರೂ ನಾಲ್ವರಲ್ಲಿ ಮೂವರು ಏಣಿಯ ಬುಡದಲ್ಲೇ ನಿಂತಿದ್ದಾರೆ. ಆತಂಕಕ್ಕೆ ಕಾರಣ ಅದು.

ಹಾಗಾದರೆ ಮಾಡಬೇಕಾದದ್ದೇನು? ಸರಳವಾದ ಒಂದು ಲೆಕ್ಕ ಹಾಕೋಣ. ಹತ್ತು ಸಾವಿರ ರೂಪಾಯಿಯ ಟ್ಯಾಬ್ ನಾಲ್ಕು ವರ್ಷ ಬಾಳುತ್ತದೆ ಎಂದುಕೊಂಡರೆ, 30 ಟ್ಯಾಬ್‌ಗಳ ವಾರ್ಷಿಕ ವೆಚ್ಚ 75 ಸಾವಿರ ರೂಪಾಯಿ, ಹತ್ತಕ್ಕೆ 25 ಸಾವಿರ. ನಲಿ-ಕಲಿಯ ಗುಂಪುಗಳು ಸರದಿಯಂತೆ ಬಳಸಿದರೆ ಹತ್ತು ಸಾಕು. ಉಳಿಯುವ 50 ಸಾವಿರದಲ್ಲಿ ಊರಿನದೇ ವಿದ್ಯಾವಂತ ಯುವತಿಗೆ ತಿಂಗಳಿಗೆ ಐದು ಸಾವಿರದಂತೆ ಹತ್ತು ತಿಂಗಳು ಗೌರವಧನ ಕೊಟ್ಟು, ದಿನಕ್ಕೆರಡು ಗಂಟೆ ಹಿಂದುಳಿದ ಮಕ್ಕಳನ್ನು ಓದಿಸಬಹುದು. ಕೊಡುಗೆ ನೀಡುವ ಕಂಪನಿಗಳು ಒಂದೇ ವರ್ಷದ ಬದಲು ನಾಲ್ಕು ವರ್ಷಗಳ ಒಪ್ಪಂದ ಮಾಡಿಕೊಳ್ಳಲಿ. ಅದರಲ್ಲಿ ದುರಸ್ತಿಯೂ ಸೇರಲಿ. ಮಕ್ಕಳ ಕೈಯಲ್ಲಿ ಸಹಜ ಬಳಕೆಯಿಂದ ಒಡೆದ ಸಾಧನವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವಿನ ಮೇಲೆ ದಾಸ್ತಾನಿನಿಂದ ತೆಗೆಯಲು ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಇದಕ್ಕೆ ಹಣವೇ ಬೇಕಿಲ್ಲ. ಧಾರವಾಡದಲ್ಲಿ ಅಪರ ಆಯುಕ್ತರ ಕಚೇರಿಯೂ ಇದೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯೂ ಇದೆ. ಯಾವ ಆ್ಯಪ್ ಯಾವ ಮೈಲಿಗಲ್ಲಿಗೆ ಹೊಂದುತ್ತದೆ ಎಂಬ ಪಟ್ಟಿಯನ್ನು ಅನುಭವಿ ನಲಿ-ಕಲಿ ಶಿಕ್ಷಕರಿಂದಲೇ ಇಲ್ಲಿ ಸಿದ್ಧಪಡಿಸಬಹುದು.

ಒಂದು ಕಾಲಕ್ಕೆ ಪಾಟಿ ಮತ್ತು ಬಳಪವೂ ಹೊಸ ತಂತ್ರಜ್ಞಾನವೇ ಆಗಿದ್ದವು. ಅವು ನಮ್ಮ ಸಾಲಿಗಳಲ್ಲಿ ನೆಲೆನಿಂತದ್ದು ಅಗ್ಗವಾಗಿದ್ದುದರಿಂದ, ಒಡೆದರೆ ಯಾರೂ ಲಿಖಿತ ವಿವರಣೆ ಕೇಳದಿದ್ದುದರಿಂದ, ಮತ್ತು ಮಗು ಬರೆದದ್ದನ್ನು ತಿದ್ದಲು ಪಕ್ಕದಲ್ಲಿ ಮಾಸ್ತರರು ಇದ್ದುದರಿಂದ. ಟ್ಯಾಬ್‌ಗೂ ಈ ಮೂರು ಅನುಕೂಲಗಳನ್ನು ಒದಗಿಸಿಕೊಡುವುದು ನಮ್ಮಿಂದ ಆಗದ ಕೆಲಸವಲ್ಲ. ಅದಾಗುವವರೆಗೆ ಮುಂದಿನ ಸಮಾರಂಭದ ಹಾರ ತುರಾಯಿಗಳಿಗೆ ಮುನ್ನ, ಹಿಂದಿನ ಸಲ ಕೊಟ್ಟವು ಎಲ್ಲಿವೆ ಎಂದು ದಾನಿಗಳು ಒಮ್ಮೆ ಬೀರು ತೆಗೆಸಿ ನೋಡುವುದು ಒಳ್ಳೆಯದು.